ಕರೆ ಬೆಂಗಳೂರಿಗೆ, ಗಾಡಿ ಬಾದಾಮಿಗೆ

ಬಾಗಲಕೋಟೆಯ ನವನಗರದಲ್ಲಿ ಮನೆ ಹುಡುಕುವುದು ಸುಲಭ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಊರಿನ ಭಾಗ ಮುಳುಗಡೆಯಾದಾಗ ನಕ್ಷೆ ಹಾಕಿ ಕಟ್ಟಿದ ಊರಿದು. ಸೆಕ್ಟರ್ ನಂಬರ್, ಪ್ಲಾಟ್ ನಂಬರ್ ಹೇಳಿದರೆ ಆಟೊದವರು ಬಾಗಿಲಿಗೇ ಬಿಡುತ್ತಾರೆ. ಹಳೇ ಬಾಗಲಕೋಟೆಗೆ ಕಾಲಿಟ್ಟರೆ ಲೆಕ್ಕವೇ ಬೇರೆ. ಅಲ್ಲಿ ಗಲ್ಲಿ, ಗುಡಿ, ಯಾರದೋ ಅಂಗಡಿಯ ಎದುರು, ಯಾರದೋ ಮನೆಯ ಹಿಂದೆ ಎಂಬುದೇ ವಿಳಾಸ. ಜಿಲ್ಲೆಯ ಹಳ್ಳಿಗಳಲ್ಲೆಲ್ಲ ನಡೆಯುವುದು ಈ ಎರಡನೆಯ ಬಗೆಯೇ. ಪೊಲೀಸರ ತುರ್ತು ಕರೆ ವ್ಯವಸ್ಥೆ ಹೊಸ ರೂಪ ತಾಳಿರುವಾಗ, ಅದರ ಬೆನ್ನು ಹಿಡಿದು ಬಾಗಲಕೋಟೆಯಿಂದ ಬಾದಾಮಿಗೆ, ಅಲ್ಲಿಂದ ಹುನಗುಂದ, ಇಳಕಲ್‌ಗೆ ಹೋದರೆ ಈ ವಿಳಾಸದ ಪ್ರಶ್ನೆಯೇ ದಾರಿಯುದ್ದಕ್ಕೂ ಎದುರಾಗುತ್ತದೆ.

ನವನಗರ: ಕರೆ ಸಾಗುವ ದಾರಿ

ಮೊದಲು ನಮಗೆ ಗೊತ್ತಿದ್ದದ್ದು 100. ಆ ನಂಬರ್ ಒತ್ತಿದರೆ ಜಿಲ್ಲೆಯ ಕಂಟ್ರೋಲ್ ರೂಮಿನಲ್ಲೋ ಹತ್ತಿರದ ಠಾಣೆಯಲ್ಲೋ ಫೋನು ರಿಂಗಣಿಸುತ್ತಿತ್ತು. ಎತ್ತಿಕೊಂಡವರು ಬಹುಮಟ್ಟಿಗೆ ಇದೇ ಸೀಮೆಯನ್ನು ತಿರುಗಿ ಬಲ್ಲವರು. ವಿಷಯ ಕೇಳಿ, ಪುಸ್ತಕದಲ್ಲಿ ಬರೆದುಕೊಂಡು, ವೈರ್‌ಲೆಸ್ ಮೈಕ್ ಹಿಡಿದು ಠಾಣೆಗೆ ತಿಳಿಸುತ್ತಿದ್ದರು.

ಈಗ 112. ಬೆಂಕಿಗೆ 101, ಪೊಲೀಸರಿಗೆ 100 ಎಂದು ನೆನಪಿಟ್ಟುಕೊಳ್ಳುವ ಕಷ್ಟವನ್ನು ತಪ್ಪಿಸಲು ದೇಶಕ್ಕೆಲ್ಲ ಒಂದೇ ಸಂಖ್ಯೆ. 2012ರ ದೆಹಲಿ ಅತ್ಯಾಚಾರ ಪ್ರಕರಣದ ನಂತರ ಇಂಥದೊಂದು ವ್ಯವಸ್ಥೆ ಬೇಕೆಂಬ ಕೂಗು ಬಲವಾಯಿತು. 2015ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 112ನ್ನು ಶಿಫಾರಸು ಮಾಡಿತು. ಹಣ ಬಂದದ್ದು ನಿರ್ಭಯಾ ನಿಧಿಯಿಂದ, ತಂತ್ರಾಂಶ ಬಂದದ್ದು ಸಿ-ಡ್ಯಾಕ್ ಸಂಸ್ಥೆಯಿಂದ. 2018ರ ನವೆಂಬರಿನಲ್ಲಿ ಹಿಮಾಚಲ ಪ್ರದೇಶ ಮೊದಲ ರಾಜ್ಯವಾಗಿ ಇದನ್ನು ಜಾರಿಗೆ ತಂದಿತು. ಆಮೇಲೆ ಕರ್ನಾಟಕವೂ ಸೇರಿಕೊಂಡಿತು.

ಲಂಡನ್ನಿನಲ್ಲೂ ಇಂಥದಕ್ಕೆ ಒಂದು ದುರಂತವೇ ಕಾರಣವಾಗಿತ್ತು. 1935ರಲ್ಲಿ ವಿಂಪೋಲ್ ಸ್ಟ್ರೀಟ್‌ನ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಮಹಿಳೆಯರು ಸತ್ತರು. ಅಗ್ನಿಶಾಮಕ ದಳಕ್ಕೆ ಫೋನು ಮಾಡಿದ ನೆರೆಮನೆಯವರು ಟೆಲಿಫೋನ್ ಎಕ್ಸ್‌ಚೇಂಜಿನ ಸರದಿಯಲ್ಲಿ ಕಾಯಬೇಕಾಗಿತ್ತು. 1937ರಲ್ಲಿ ಅಲ್ಲಿ 999 ಶುರುವಾಯಿತು. ಅಮೆರಿಕದ 911 ಬಂದದ್ದು 1968ರಲ್ಲಿ.

112ಕ್ಕೆ ಮಾಡಿದ ಕರೆ ಬೆಂಗಳೂರಿನ ರಾಜ್ಯ ಕೇಂದ್ರದಲ್ಲಿ ಇಳಿಯುತ್ತದೆ. ಅಲ್ಲಿಯ ಸಿಬ್ಬಂದಿ ವಿಷಯವನ್ನು ಕಂಪ್ಯೂಟರಿಗೆ ಏರಿಸಿದ ಕೂಡಲೇ ಅದು ಆಯಾ ಜಿಲ್ಲೆಯ ಕಂಟ್ರೋಲ್ ರೂಮಿನ ಪರದೆಯ ಮೇಲೆ ಮೂಡುತ್ತದೆ. ಜಿಲ್ಲೆಯವರು ನಕ್ಷೆ ನೋಡಿ, ಸ್ಥಳಕ್ಕೆ ಹತ್ತಿರವಿರುವ 112 ಗಾಡಿಗೆ ಅದನ್ನು ಒಪ್ಪಿಸುತ್ತಾರೆ. ಗಾಡಿಯೊಳಗೆ ಟ್ಯಾಬಿನಂಥ ಒಂದು ಉಪಕರಣವಿರುತ್ತದೆ. ಕರೆ ಒಪ್ಪಿಕೊಂಡದ್ದು, ಸ್ಥಳ ಮುಟ್ಟಿದ್ದು, ಕೆಲಸ ಮುಗಿಸಿದ್ದು ಎಲ್ಲವೂ ಅದರಲ್ಲಿ ವೇಳೆಸಹಿತ ದಾಖಲಾಗುತ್ತದೆ. ಈ ದಾಖಲೆಯೇ ವ್ಯವಸ್ಥೆಯ ದೊಡ್ಡ ಲಾಭ. ಫೋನು ಮಾಡಿದೆ, ಯಾರೂ ಬರಲಿಲ್ಲ ಎಂದು ಒಬ್ಬರು, ಕರೆಯೇ ಬಂದಿಲ್ಲ ಎಂದು ಇನ್ನೊಬ್ಬರು ವಾದಿಸುವುದಕ್ಕೆ ಈಗ ಜಾಗ ಕಡಿಮೆ.

ತೊಡಕು ಇರುವುದು ಮೊದಲ ಅರ್ಧ ನಿಮಿಷದಲ್ಲಿ. 'ಸಾಹೇಬ್ರ, ಹಣಮಪ್ಪನ ಗುಡಿ ಹಂತ್ಯಾಕ ಬಡದಾಡಾಕತ್ತಾರ್ರೀ, ಲಗೂ ಬರ್ರಿ' ಎಂದು ಒಬ್ಬರು ಗಾಬರಿಯಲ್ಲಿ ಕೂಗಿದರು ಎನ್ನಿ. ಹಣಮಪ್ಪನ ಗುಡಿ ಇಲ್ಲದ ಊರು ಈ ಭಾಗದಲ್ಲಿ ಎಲ್ಲಿದೆ? ಯಾವ ಊರು, ಯಾವ ತಾಲ್ಲೂಕು ಎಂದು ಬೆಂಗಳೂರಿನಿಂದ ಮರುಪ್ರಶ್ನೆ ಬರಲೇಬೇಕು. ಕೂಗಿದವರಿಗೆ ಆ ಪ್ರಶ್ನೆಯೇ ಸಿಟ್ಟು ತರಿಸುತ್ತದೆ. ಮೊಬೈಲ್ ತಾನೇ ಜಾಗ ತೋರಿಸುವುದಿಲ್ಲವೇ ಎಂದರೆ, ತೋರಿಸುತ್ತದೆ, ಆದರೆ ಟವರಿನ ಲೆಕ್ಕದಲ್ಲಿ ತೋರಿಸಿದರೆ ಒರಟಾಗಿ. ಪೇಟೆಯಲ್ಲಿ ಟವರುಗಳು ಒತ್ತೊತ್ತಾಗಿರುವುದರಿಂದ ಅಂದಾಜು ಸರಿಹೋಗುತ್ತದೆ. ಹೊಲಗಳ ನಡುವೆ ಒಂದೇ ಟವರಿನ ಹರವಿನಲ್ಲಿ ಹಲವು ಹಳ್ಳಿಗಳಿರಬಹುದು. ಮಾರಾಟವಾಗುವ ಫೋನುಗಳಲ್ಲಿ ಜಿಪಿಎಸ್ ಇರಬೇಕೆಂದು ಕೇಂದ್ರ ಸರ್ಕಾರ 2018ರ ಜನವರಿಯ ಗಡುವು ಹಾಕಿದ್ದು ಇದೇ ಕಾರಣಕ್ಕೆ. ಕರೆ ಮಾಡಿದೊಡನೆ ಫೋನೇ ನಿಖರ ಜಾಗವನ್ನು ಕಳಿಸಿಕೊಡುವ ಏರ್ಪಾಡು ಬ್ರಿಟನ್ನಿನಲ್ಲಿ 2014ರಲ್ಲೇ ಶುರುವಾಗಿದೆ.

ಬಾದಾಮಿ: ಗುಡ್ಡದ ನೆರಳು

ಬಾದಾಮಿಯ ಬಂಡೆಗಳು ಕೋಟೆಗೆ ಹೇಳಿ ಮಾಡಿಸಿದಂತಿವೆ. ಒಂದನೆಯ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ್ದನ್ನು ಹೇಳುವ ಬಂಡೆ ಶಾಸನ ಕ್ರಿ.ಶ. 543ರದು. ಎರಡು ಕೆಂಪು ಗುಡ್ಡಗಳ ನಡುವೆ ಅಗಸ್ತ್ಯ ತೀರ್ಥ, ಅದರ ಮಗ್ಗುಲಲ್ಲಿ ಊರು. ಚಾಲುಕ್ಯರ ರಾಜಧಾನಿಯನ್ನು ಕಾದ ಈ ಕಲ್ಲೇ ಪೊಲೀಸರ ವೈರ್‌ಲೆಸ್ಸಿಗೆ ಅಡ್ಡಗೋಡೆ.

ಠಾಣೆಗಳು, ಜೀಪುಗಳು ಬಳಸುವ ವಿಎಚ್‌ಎಫ್ ತರಂಗಗಳು ಹೆಚ್ಚುಕಡಿಮೆ ಕಣ್ಣಿನ ನೋಟದ ಹಾಗೆ ನೇರವಾಗಿ ಸಾಗುತ್ತವೆ. ನೆಲವೇ ಬಾಗಿರುವುದರಿಂದ ಬಯಲಿನಲ್ಲೂ ಅವಕ್ಕೊಂದು ಮಿತಿ ಇದೆ. 30 ಮೀಟರ್ ಎತ್ತರದ ಕಂಬದಿಂದ ಹೊರಟ ಮಾತು ಜೀಪಿನ ಆಂಟೆನಾಕ್ಕೆ ಮುಟ್ಟುವುದು ಲೆಕ್ಕದ ಪ್ರಕಾರ ಸುಮಾರು 28 ಕಿ.ಮೀ. ದೂರದವರೆಗೆ. ನವನಗರದಿಂದ ನೇರ ಗೆರೆ ಎಳೆದರೂ ಬಾದಾಮಿ ಈ ಮಿತಿಯ ಅಂಚಿಗೆ ಬೀಳುತ್ತದೆ, ಇಳಕಲ್ ಬಹಳ ಆಚೆಗೆ. ಆದ್ದರಿಂದಲೇ ಎತ್ತರದ ಜಾಗದಲ್ಲಿ ರಿಪೀಟರ್ ಬೇಕು. ಒಂದು ತರಂಗಾಂತರದಲ್ಲಿ ಕೇಳಿಸಿಕೊಂಡದ್ದನ್ನು ಅದು ಇನ್ನೊಂದರಲ್ಲಿ ಜೋರಾಗಿ ಹೇಳುತ್ತದೆ. ಸುತ್ತಲ ನೆಲಕ್ಕಿಂತ 100 ಮೀಟರ್ ಮೇಲೆ ಅದನ್ನು ಇಟ್ಟರೆ ಹರವು 45 ಕಿ.ಮೀ. ದಾಟುತ್ತದೆ. ಹಾಗಿದ್ದೂ ಬಂಡೆಯ ಮಗ್ಗುಲಿನ ಓಣಿಯಲ್ಲಿ, ಕಣಿವೆಯ ತಿರುವಿನಲ್ಲಿ ನೆರಳು ಉಳಿದೇ ಉಳಿಯುತ್ತದೆ. ಅಂಥ ಜಾಗಗಳು ಯಾವುವು ಎಂಬುದು ನಡೆದು ನೋಡಿದವರಿಗೇ ಗೊತ್ತು.

ಅನಲಾಗ್ ಸೆಟ್ಟುಗಳ ಜಾಗಕ್ಕೆ ಡಿಜಿಟಲ್ ಬರುವುದು ಜಗತ್ತಿನಾದ್ಯಂತ ನಡೆದಿರುವ ಬದಲಾವಣೆ. ಲಾಭ ಸ್ಪಷ್ಟವಾಗಿದೆ. ಡಿಎಂಆರ್ ಎಂಬ ಪದ್ಧತಿಯಲ್ಲಿ ಒಂದೇ ಚಾನೆಲ್ಲಿನಲ್ಲಿ ಎರಡು ಸಂಭಾಷಣೆ ನಡೆಯುತ್ತವೆ, ಮಾತು ಹೊರಗಿನವರ ಕಿವಿಗೆ ಬೀಳದಂತೆ ಗುಪ್ತವಾಗಿಡಬಹುದು, ಸೆಟ್ ಹಿಡಿದವರು ಎಲ್ಲಿದ್ದಾರೆಂದು ನಕ್ಷೆಯಲ್ಲಿ ಕಾಣಬಹುದು. ಒಂದು ಎಚ್ಚರಿಕೆಯೂ ಇದೆ. ಅನಲಾಗ್ ಸೆಟ್ಟು ಸಿಗ್ನಲ್ ಸೋತಂತೆ ಗೊರಗೊರ ಎನ್ನುತ್ತದೆ, ಆ ಗದ್ದಲದಲ್ಲೂ ಅನುಭವದ ಕಿವಿ ಅರ್ಧ ಮಾತನ್ನಾದರೂ ಹಿಡಿಯುತ್ತದೆ. ಡಿಜಿಟಲ್ ಕೊನೆಯವರೆಗೂ ಸ್ವಚ್ಛವಾಗಿ ಕೇಳಿ, ಮಿತಿ ದಾಟಿದ ಕ್ಷಣ ಪೂರ್ತಿ ಮೂಕವಾಗುತ್ತದೆ. ಗುಡ್ಡದ ನೆರಳಿನಲ್ಲಿ ಇದು ಸಣ್ಣ ಮಾತಲ್ಲ.

ವೈರ್‌ಲೆಸ್ ಏಕೆ, ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆಯಲ್ಲ ಎನ್ನುವವರು ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಬರಬೇಕು. ಚೊಳಚಗುಡ್ಡದ ಆ ಜನಸಾಗರದಲ್ಲಿ ಸಾವಿರಾರು ಫೋನುಗಳು ಒಂದೇ ಟವರಿಗೆ ಮುಗಿಬಿದ್ದರೆ ಲೈನು ಸಿಗುವುದೇ ಕಷ್ಟ. ಪೊಲೀಸರ ತರಂಗ ಪೊಲೀಸರದೇ. ಇನ್ನೊಂದು ಗುಣ: ಮೊಬೈಲಿನಲ್ಲಿ ಒಬ್ಬರಿಗೆ ಹೇಳಿದ್ದು ಒಬ್ಬರಿಗೇ. ಮೈಕ್‌ನಲ್ಲಿ ಹೇಳಿದ್ದನ್ನು ಆ ಚಾನೆಲ್ಲಿನವರೆಲ್ಲರೂ ಒಟ್ಟಿಗೆ ಕೇಳುತ್ತಾರೆ. ಕಳೆದುಹೋದ ಮಗುವಿನ ಅಂಗಿಯ ಬಣ್ಣ ಒಂದೇ ಸಲಕ್ಕೆ ಜಾತ್ರೆಯ ಎಲ್ಲ ದಿಕ್ಕಿಗೂ ತಲುಪುತ್ತದೆ.

ಮಲಪ್ರಭೆಯ ದಂಡೆ

ಬಾದಾಮಿಯಿಂದ ಹುನಗುಂದದ ಕಡೆಗೆ ಪಟ್ಟದಕಲ್ಲು, ಐಹೊಳೆ, ಅಮೀನಗಡ ದಾಟಿ ಹೋಗಬಹುದು. ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಊರು. 2019ರ ಆಗಸ್ಟಿನಲ್ಲಿ ಆ ಗುಡಿಗಳ ಅಂಗಳಕ್ಕೇ ಮಲಪ್ರಭೆ ನುಗ್ಗಿತ್ತು. ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರು ಬಾದಾಮಿ, ಹುನಗುಂದ ತಾಲ್ಲೂಕುಗಳ ಹಳ್ಳಿಗಳನ್ನು ಸುತ್ತುವರಿಯಿತು. 2009ರ ನೆರೆಯನ್ನು ಕಂಡ ಜನರಿಗೆ ಅದು ಎರಡನೆಯ ಹೊಡೆತ.

ನೆರೆ ಬಂದಾಗ ಮೊದಲು ಹೋಗುವುದು ಕರೆಂಟು. ಟವರಿನ ಬ್ಯಾಟರಿ ಮುಗಿದಂತೆ ಮೊಬೈಲೂ ಸಾಯುತ್ತದೆ. 112 ಎಂಬ ಸಂಖ್ಯೆ ಗೋಡೆಯ ಮೇಲೆ ಬರೆದದ್ದಷ್ಟೇ ಆಗುತ್ತದೆ. ಆಗ ಉಳಿಯುವುದು ಠಾಣೆಯ ಬ್ಯಾಟರಿಗೆ ಕಟ್ಟಿದ ವೈರ್‌ಲೆಸ್ ಸೆಟ್ಟು, ಎತ್ತರದಲ್ಲಿರುವ ರಿಪೀಟರು. ಆಧುನೀಕರಣದ ಪಟ್ಟಿಯಲ್ಲಿ ದೊಡ್ಡ ಪರದೆಗಳು ಮೊದಲು ಬರುತ್ತವೆ. ರಿಪೀಟರಿನ ಬ್ಯಾಟರಿ, ಸೌರ ಫಲಕ, ಅಲ್ಲಿಗೆ ಏರುವ ದಾರಿ ಕೊನೆಗೆ. ಮಲಪ್ರಭೆಯ ದಂಡೆಯಲ್ಲಿ ನಿಂತರೆ ಈ ಕ್ರಮ ತಿರುವುಮುರುವಾಗಬೇಕು ಅನ್ನಿಸುತ್ತದೆ.

ಹುನಗುಂದ, ಇಳಕಲ್: ಹೆದ್ದಾರಿಯ ಊರುಗಳು

ಹುನಗುಂದ, ಇಳಕಲ್ ಎರಡನ್ನೂ ಮುಟ್ಟಿಕೊಂಡು ವಿಜಯಪುರ–ಹೊಸಪೇಟೆ ನಡುವಿನ ರಾಷ್ಟ್ರೀಯ ಹೆದ್ದಾರಿ 50 ಓಡುತ್ತದೆ. ಇಲ್ಲಿ ತುರ್ತು ಕರೆ ಎಂದರೆ ಅಪಘಾತ ಮೊದಲು ನೆನಪಾಗುತ್ತದೆ. ಫೋನು ಮಾಡುವವರು ಎಷ್ಟೋ ಸಲ ಹಾದುಹೋಗುವ ಪರಊರಿನ ಲಾರಿ ಚಾಲಕರು. ಅವರಿಗೆ ಕನ್ನಡ ಬಾರದಿರಬಹುದು, ತಾವು ಯಾವ ತಾಲ್ಲೂಕಿನಲ್ಲಿದ್ದೇವೆ ಎಂಬುದಂತೂ ಗೊತ್ತಿರುವುದಿಲ್ಲ. ಅವರ ಪಾಲಿಗೆ ರಸ್ತೆ ಬದಿಯ ಕಿಲೋಮೀಟರ್ ಕಲ್ಲೇ ವಿಳಾಸ.

ಒಂದೇ ಸಂಖ್ಯೆಯ ಆಸೆ ಪೂರ್ತಿ ಈಡೇರಿಲ್ಲ ಎಂಬುದೂ ಈ ರಸ್ತೆಯಲ್ಲೇ ಕಾಣುತ್ತದೆ. 2008ರಿಂದ ಇರುವ 108 ಆಂಬುಲೆನ್ಸ್ ಜನರ ನಾಲಿಗೆಯ ಮೇಲಿದೆ. ಹೆದ್ದಾರಿಗೆ 1033 ಇದೆ. ರಕ್ತ ಸೋರುತ್ತಿರುವಾಗ ಯಾವುದನ್ನು ಒತ್ತಬೇಕೆಂದು ಯೋಚಿಸುವ ಸ್ಥಿತಿ ಬರಬಾರದು. ಯಾವುದನ್ನು ಒತ್ತಿದರೂ ಉಳಿದವರಿಗೆ ತಾನಾಗಿ ಸುದ್ದಿ ಮುಟ್ಟಬೇಕು.

ಬೆಂಗಳೂರಿನ ಕೇಂದ್ರದ ಉಪಯೋಗ ಚೆನ್ನಾಗಿ ಅರ್ಥವಾಗುವುದೂ ಇಲ್ಲಿಯೇ. ಇಳಕಲ್ ದಾಟಿದರೆ ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕು. ಹುನಗುಂದದ ಪೂರ್ವಕ್ಕೆ ರಾಯಚೂರು ಜಿಲ್ಲೆಯ ಲಿಂಗಸುಗೂರು. ಮೊಬೈಲ್ ಟವರಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಹಿಂದಿನ ಪದ್ಧತಿಯಲ್ಲಿ 'ಅದು ನಮ್ಮ ಹದ್ದಿಗೆ ಬರೂದಿಲ್ಲ' ಎಂಬ ಉತ್ತರಕ್ಕೆ ಆಸ್ಪದವಿತ್ತು. ರಾಜ್ಯ ಕೇಂದ್ರದಿಂದ ಕರೆಯನ್ನು ಪಕ್ಕದ ಜಿಲ್ಲೆಗೆ ದಾಟಿಸುವುದು ಸಲೀಸು.

ಇಳಕಲ್ ಸೀರೆಯ ಊರೂ ಹೌದು, ಕೆಂಪು ಗ್ರಾನೈಟಿನ ಊರೂ ಹೌದು. ಮಗ್ಗದ ಸದ್ದಿನ ನಡುವೆ ಬದುಕುವ ಮನೆಗಳಲ್ಲಿ ಎಲ್ಲ ಕರೆಯೂ ಕೂಗಿ ಹೇಳುವಂಥದಲ್ಲ. ಹೊಡೆಯುವವನು ಎದುರಿಗೇ ಇರುವಾಗ ಹೆಣ್ಣುಮಗಳು ಮಾತಾಡುವುದಾದರೂ ಹೇಗೆ? ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ನನ್ನು ಬೇಗಬೇಗ ಮೂರು ಸಲ ಒತ್ತುವುದು, ಸಾದಾ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯುವುದು ಇಂಥ ಹೊತ್ತಿಗೆಂದೇ ಮಾಡಿದ ಏರ್ಪಾಡು. ಈ ಸಂಗತಿ ಊರಿನ ಸ್ವಸಹಾಯ ಸಂಘಗಳಲ್ಲಿ, ಶಾಲೆಗಳಲ್ಲಿ ಹೇಳಿಕೊಡಬೇಕಾದದ್ದು.

ಈ ನಾಲ್ಕು ಊರು ಸುತ್ತಿದ ಮೇಲೆ ನನಗೆ ತಿಳಿದದ್ದು ಇಷ್ಟು. ಕರೆ ಎತ್ತುವ ಕೆಲಸ ಬೆಂಗಳೂರಿಗೆ ಹೋದದ್ದು ಸರಿಯಾಗಿಯೇ ಇದೆ. ಅದರ ಜೊತೆಗೆ ಊರಿನ ಅರಿವೂ ಅಲ್ಲಿಗೆ ಹೋಗಬೇಕಿತ್ತು. ಪ್ರತಿ ಬೀಟಿಗೂ ಒಬ್ಬ ಪೊಲೀಸ್ ಇರುವ ರಾಜ್ಯ ನಮ್ಮದು. ಗುಡಿ, ದರ್ಗಾ, ಕ್ರಾಸು, ತೋಟದ ವಸತಿ, ಹಳ್ಳದ ಸೇತುವೆಗಳಿಗೆ ಜನ ಕರೆಯುವ ಹೆಸರುಗಳನ್ನು ಬೀಟಿನವರಿಂದಲೇ ಬರೆಸಿ ನಕ್ಷೆಗೆ ಏರಿಸುವುದಕ್ಕೆ ದೊಡ್ಡ ಖರ್ಚಿಲ್ಲ. ಹಾಗೆಯೇ ಸೆಟ್ಟು ಮಾತಾಡದ ಜಾಗಗಳ ಪಟ್ಟಿಯನ್ನೂ ಮಾಡಿಸಬೇಕು. ಆ ಜಾಗಗಳಲ್ಲಿ ಡಿಜಿಟಲ್ ಮಾತಾಡಿತೆಂದು ಖಾತ್ರಿಯಾಗುವವರೆಗೆ ಹಳೆಯ ಅನಲಾಗ್ ಸೆಟ್ಟುಗಳನ್ನು ಗುಜರಿಗೆ ಹಾಕಬಾರದು.

ನಮ್ಮ ಪಾಲಿನದೂ ಸ್ವಲ್ಪ ಇದೆ. 112ಕ್ಕೆ ಫೋನು ಮಾಡಿದಾಗ ಜಗಳದ ಕತೆಗಿಂತ ಮೊದಲು ತಾಲ್ಲೂಕು, ಊರು, ಗುರುತಿನ ಜಾಗ ಹೇಳಿ. ಆ ಕಡೆಯವರು ಸಾಕು ಎನ್ನುವವರೆಗೆ ಫೋನು ಇಡಬೇಡಿ. ಕೈತಪ್ಪಿ ಒತ್ತಿದ್ದರೆ ಹಾಗೇ ಕಟ್ ಮಾಡದೆ, ತಪ್ಪಿ ಒತ್ತಿದೆ ಎಂದು ಹೇಳಿಬಿಡಿ. ಇಲ್ಲದಿದ್ದರೆ ನಿಮಗೇನಾಯಿತೋ ಎಂದು ವಿಚಾರಿಸಲು ಅವರು ಮತ್ತೆ ಫೋನು ಮಾಡಬೇಕಾಗುತ್ತದೆ, ಆ ಹೊತ್ತಿನಲ್ಲಿ ಬೇರೊಬ್ಬರ ಕರೆ ಕಾಯುತ್ತಿರುತ್ತದೆ.