ಹಳೆಯ ಕಾರಿನ ಉಸಿರು

ತುಮಕೂರಿನಿಂದ ದೇವರಾಯನದುರ್ಗಕ್ಕೆ ಸುಮಾರು 15 ಕಿಲೋಮೀಟರು ದಾರಿ. ಬಯಲಿನಲ್ಲಿ ಸರಾಗವಾಗಿ ಓಡಿದ ಹಳೆಯ ಪದ್ಮಿನಿ ಕಾರು ಬೆಟ್ಟದ ತಿರುವುಗಳಲ್ಲಿ ಏದುಸಿರು ಬಿಡತೊಡಗುತ್ತದೆ. “ಮೇಲೆ ಗಾಳಿ ತೆಳು. ಪೆಟ್ಟಿಗೆಯನ್ನು ಕಿತ್ತು ತೆರೆದ ಫಿಲ್ಟರು ಹಾಕಿಸಿ, ಗಾಳಿ ಧಾರಾಳವಾಗಿ ಹೋಗುತ್ತದೆ” ಎಂದು ಸಲಹೆ ಕೊಡುವವರುಂಟು. ಈ ಮಾತನ್ನು ಒಪ್ಪುವ ಮುನ್ನ ನಾವು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಗಾಳಿಯೊಡನೆ ಪೆಟ್ರೋಲನ್ನು ತಕ್ಕ ಪ್ರಮಾಣದಲ್ಲಿ ಬೆರೆಸುವುದು ಕಾರ್ಬುರೇಟರಿನ ಕೆಲಸ. ಅದರ ಕೊಳವೆ ನಡುವೆ ಕಿರಿದಾಗಿರುತ್ತದೆ. ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಕುಗ್ಗುವುದರಿಂದ, ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಪೆಟ್ರೋಲು ಚಿಮ್ಮಿ ಬರುತ್ತದೆ. 1 ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 15 ಕಿಲೋಗ್ರಾಂ ಗಾಳಿ ಬೇಕು. ಅಂದರೆ 1 ಲೀಟರು ಪೆಟ್ರೋಲಿಗೆ ತುಮಕೂರಿನಲ್ಲಿ ಸುಮಾರು 10,000 ಲೀಟರು ಗಾಳಿ!

ಈಗ ಎತ್ತರದ ವಿಚಾರ. ತುಮಕೂರು ಸಮುದ್ರಮಟ್ಟದಿಂದ ಸುಮಾರು 820 ಮೀಟರು, ದುರ್ಗದ ನೆತ್ತಿ ಸುಮಾರು 1,200 ಮೀಟರು ಎತ್ತರದಲ್ಲಿವೆ. ನೆತ್ತಿಯವರೆಗೆ ಏರಿದರೂ ಗಾಳಿಯ ಸಾಂದ್ರತೆ ಕುಗ್ಗುವುದು ನೂರಕ್ಕೆ 4ರಷ್ಟು ಮಾತ್ರ. ಪೆಟ್ರೋಲಿನ ಪಾಲು ನೂರಕ್ಕೆ 2ರಷ್ಟು ಏರಬಹುದು. ಇಷ್ಟಕ್ಕಾಗಿ ಜೆಟ್ ಬದಲಿಸಬೇಕಾಗಿಲ್ಲ.

ಇನ್ನು ಶಾಖದ ಲೆಕ್ಕ. ಒತ್ತಡ ಒಂದೇ ಆಗಿದ್ದಾಗ, ಗಾಳಿಯ ಸಾಂದ್ರತೆಯು ನಿರಪೇಕ್ಷ ಉಷ್ಣತೆಗೆ ವಿಲೋಮ ಪ್ರಮಾಣದಲ್ಲಿರುತ್ತದೆ. ಹೊರಗಿನ ಗಾಳಿ 30 ಡಿಗ್ರಿ ಸೆಲ್ಸಿಯಸ್, ಬಾನೆಟ್ಟಿನೊಳಗಿನದು 60 ಡಿಗ್ರಿ ಎಂದಿಟ್ಟುಕೊಳ್ಳೋಣ. 303ನ್ನು 333ರಿಂದ ಭಾಗಿಸಿದರೆ 0.91 ಬರುತ್ತದೆ; ನಷ್ಟ ನೂರಕ್ಕೆ 9. ಬೆಟ್ಟ ಕಸಿದುಕೊಳ್ಳುವುದರ ಎರಡರಷ್ಟನ್ನು ಬಾನೆಟ್ಟಿನ ಬಿಸಿಯೇ ಕಸಿದುಕೊಂಡಂತಾಯಿತು. ಕೆಳ ಗೇರಿನಲ್ಲಿ ನಿಧಾನವಾಗಿ ಏರುವಾಗ ಈ ಬಿಸಿ ಮತ್ತಷ್ಟು ಹೆಚ್ಚುತ್ತದೆ. ತೆರೆದ ಫಿಲ್ಟರು ಹೀರುವುದು ಇದೇ ಬಿಸಿಗಾಳಿಯನ್ನು.

ಧೂಳಿನ ಅಪಾಯ ಇದಕ್ಕಿಂತಲೂ ದೊಡ್ಡದು. ಪದ್ಮಿನಿಯ ಎಂಜಿನ್ನಿನ ಗಾತ್ರ 1,089 ಘನ ಸೆಂಟಿಮೀಟರು. ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಅದು 1,600 ಲೀಟರಿನವರೆಗೂ ಗಾಳಿಯನ್ನು ಎಳೆದುಕೊಳ್ಳಬಲ್ಲದು. ನಮ್ಮ ಕಲ್ಲುಬೆಟ್ಟಗಳ ಸೀಮೆಯ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಅವು ಸಿಲಿಂಡರಿನ ಕಬ್ಬಿಣಕ್ಕಿಂತ ಗಡುಸು. ಬರಿಯ ತಂತಿಬಲೆ ಎಲೆಯನ್ನು ತಡೆದೀತು, ಈ ಕಣಗಳನ್ನು ತಡೆಯಲಾರದು. ನೆರಿಗೆ ಹಾಕಿದ ಕಾಗದದ ಫಿಲ್ಟರು ತಡೆಯುತ್ತದೆ. ನೆರಿಗೆಗಳಿಂದ ಅದರ ವಿಸ್ತಾರ ಹೆಚ್ಚುವುದರಿಂದ ಗಾಳಿಗೂ ಅಡ್ಡಿ ಕಡಿಮೆ. ಅದನ್ನು ಮುಚ್ಚಿರುವ ಪೆಟ್ಟಿಗೆಯೂ ವ್ಯರ್ಥವಲ್ಲ. ಅದು ಗಾಳಿ ಹೀರುವ ಭೋರ್ಗರೆತವನ್ನು ತಗ್ಗಿಸುತ್ತದೆ. ಎಂಜಿನ್ನು ಹಿಮ್ಮುಖವಾಗಿ ಸಿಡಿದಾಗ ಜ್ವಾಲೆಯನ್ನೂ ತಡೆಯುತ್ತದೆ.

ಹಾಗಾದರೆ ಯಾವುದನ್ನು ಆರಿಸಬೇಕು? ಮೊದಲನೆಯದಾಗಿ, ತಯಾರಕರು ಹೇಳಿದ ಅಳತೆಯ ಕಾಗದದ ಫಿಲ್ಟರು. ಅದರ ರಬ್ಬರಿನ ಅಂಚು ಪೆಟ್ಟಿಗೆಯಲ್ಲಿ ಸಂದಿಲ್ಲದೆ ಕೂರಬೇಕು. ಎರಡನೆಯದಾಗಿ, ಹೊಗೆಕೊಳವೆಯಿಂದ ದೂರದಲ್ಲಿ ಹೊರಗಿನ ತಂಪುಗಾಳಿಗೆ ಬಾಯ್ದೆರೆದ ಮೂತಿಯುಳ್ಳ ಪೆಟ್ಟಿಗೆ. ಮೂರನೆಯದಾಗಿ, ಕಾರ್ಬುರೇಟರಿನ ಬುಡಕ್ಕೆ ಹೊಸ ಗ್ಯಾಸ್ಕೆಟ್ಟು. ಅಲ್ಲಿ ಬಿರುಕಿದ್ದರೆ ಅಳತೆಗೆ ಸಿಕ್ಕದ ಗಾಳಿ ಕಳ್ಳದಾರಿಯಿಂದ ನುಗ್ಗಿ, ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ತಗ್ಗುತ್ತದೆ. ನಿಂತಲ್ಲಿ ಎಂಜಿನ್ನು ತಡವರಿಸುತ್ತದೆ.

ಏದುಸಿರಿಗೆ ಮೊದಲ ಕಾರಣ ಏರುದಾರಿಯೇ. ಭಾರವನ್ನು ಮೇಲೆತ್ತುವ ಶ್ರಮವನ್ನು ಯಾವ ಫಿಲ್ಟರೂ ಇಳಿಸಲಾರದು. ಆದರೆ ಧೂಳು ಕಟ್ಟಿದ ಫಿಲ್ಟರನ್ನು ಬದಲಿಸುವುದು ನಮ್ಮ ಕೈಯಲ್ಲಿದೆ. ಪದ್ಮಿನಿಯ ತಯಾರಿಕೆ ನಿಂತು ವರ್ಷಗಳೇ ಉರುಳಿವೆ. ಸವೆದ ಸಿಲಿಂಡರನ್ನು ಮತ್ತೆ ಕೊರೆಸುವ ಖರ್ಚಿನ ಮುಂದೆ ಕಾಗದದ ಫಿಲ್ಟರಿನ ಬೆಲೆ ಅತ್ಯಲ್ಪ. ಆದುದರಿಂದ ಬೆಟ್ಟ ಹತ್ತುವ ಮುನ್ನ ಒಮ್ಮೆ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡುವುದು ಲೇಸು.