ಇಳಿಯುವ ವಿದ್ಯೆ

ನಾನು ಗ್ಲೈಡರ್ ಹಾರಿಸುವುದನ್ನು ಕಲಿತವನೆಂದು ತಿಳಿದ ಕೂಡಲೇ ಮಿತ್ರರು ಕೇಳುವ ಮೊದಲ ಪ್ರಶ್ನೆ ಒಂದೇ: "ಎಂಜಿನ್ನೇ ಇಲ್ಲದ ವಿಮಾನ ಮೇಲೆ ನಿಲ್ಲುವುದು ಹೇಗೆ?" ಪ್ರಶ್ನೆ ಸಹಜವಾದದ್ದೇ. ಆದರೆ ಇಷ್ಟು ವರ್ಷಗಳಲ್ಲಿ "ಅದು ಕೆಳಗೆ ಬರುವುದು ಹೇಗೆ?" ಎಂದು ಕೇಳಿದವರು ಒಬ್ಬರೂ ಇಲ್ಲ. ಮೇಲೆ ಹೋದದ್ದು ಕೆಳಗೆ ಬಂದೇ ಬರುತ್ತದೆ, ಅದರಲ್ಲಿ ಕಲಿಯುವುದೇನಿದೆ ಎಂಬ ಭಾವನೆ ಇದ್ದೀತು. ವಾಸ್ತವವಾಗಿ ಈ ವಿದ್ಯೆಯ ತಿರುಳೆಲ್ಲ ಇರುವುದು ಇಳಿಯುವುದರಲ್ಲಿಯೇ. ಅದನ್ನು ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇನೆ.

ಬಿಸಿಲೇರಿದ ಹೊತ್ತಿನಲ್ಲಿ ಊರಾಚೆಯ ಬಯಲಿನ ಮೇಲೆ ಹದ್ದು ರೆಕ್ಕೆ ಬಡಿಯದೆ ಸುತ್ತುತ್ತ ಸುತ್ತುತ್ತ ಮೇಲೇರುವುದನ್ನು ನಾವೆಲ್ಲ ನೋಡಿದ್ದೇವೆ. ಕಾದ ನೆಲದಿಂದೆದ್ದ ಬಿಸಿಗಾಳಿಯ ಕಂಬ ಅದನ್ನು ಎತ್ತುತ್ತದೆ. ಗ್ಲೈಡರ್ ಮೇಲೇರುವ ಗುಟ್ಟೂ ಅದೇ. ನೆಲದ ಮೇಲಿನ ವಿಂಚ್ ಯಂತ್ರವೋ ಎಂಜಿನ್ನುಳ್ಳ ಇನ್ನೊಂದು ವಿಮಾನವೋ ಅದನ್ನು ಹಗ್ಗದಿಂದ ಎಳೆದು ಎತ್ತರಕ್ಕೆ ಬಿಡುತ್ತದೆ. ಅಲ್ಲಿಂದ ಮುಂದೆ ಅದರ ಪಾಡು ಅದಕ್ಕೆ. ಏರುಗಾಳಿ ಸಿಕ್ಕದಿದ್ದರೆ ಅದು ಸದಾ ಇಳಿಯುತ್ತಲೇ ಇರುತ್ತದೆ. ಸಾಧಾರಣವಾದ ತರಬೇತಿ ಗ್ಲೈಡರ್ ನಿಶ್ಚಲವಾದ ಗಾಳಿಯಲ್ಲಿ 1 ಮೀಟರ್ ಇಳಿಯುವಷ್ಟರಲ್ಲಿ ಸುಮಾರು 25 ಮೀಟರ್ ಮುಂದೆ ಸಾಗುತ್ತದೆ. ಎಂದರೆ ಎತ್ತರವೇ ಅದರ ಬಂಡವಾಳ. ಪ್ರತಿ ಕ್ಷಣವೂ ಅದು ಖರ್ಚಾಗುತ್ತಿರುತ್ತದೆ. ಎಂಜಿನ್ನುಳ್ಳ ವಿಮಾನದ ಚಾಲಕನಿಗೆ ಇಳಿಯುವಾಗ ಲೆಕ್ಕ ತಪ್ಪಿದರೆ ಸಾಲ ದೊರೆಯುತ್ತದೆ: ಎಂಜಿನ್ನಿನ ಬಲ ಹೆಚ್ಚಿಸಿ, ಮೇಲೆದ್ದು, ಮತ್ತೊಂದು ಸುತ್ತು ಹಾಕಿ ಬರಬಹುದು. ಗ್ಲೈಡರಿನವನಿಗೆ ಆ ಸಾಲ ಕೊಡುವವರಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇವನಷ್ಟು ಅಕ್ಷರಶಃ ಪಾಲಿಸಬೇಕಾದವರು ಮತ್ತೊಬ್ಬರಿರಲಾರರು.

ಆದುದರಿಂದಲೇ ಗ್ಲೈಡರ್ ಕಂಡ ಕಡೆ ಇಳಿಯುವುದಿಲ್ಲ. ಒಂದು ಗೊತ್ತಾದ ದಾರಿಯಲ್ಲಿ ಇಳಿಯುತ್ತದೆ. ಅದಕ್ಕೆ ಸರ್ಕ್ಯೂಟ್ ಎಂದು ಹೆಸರು. ಮೈದಾನದ ಪಕ್ಕದಲ್ಲಿ ಒಂದು ಆಯತವನ್ನು ಊಹಿಸಿಕೊಳ್ಳಿ. ಇಳಿಯುವುದು ಎಂದಿಗೂ ಗಾಳಿಗೆ ಎದುರಾಗಿ. ಆದ್ದರಿಂದ ಮೊದಲು ಗಾಳಿಯನ್ನು ಬೆನ್ನಿಗಿಟ್ಟುಕೊಂಡು, ಇಳಿಯುವ ಪಟ್ಟಿಗೆ ಸಮಾನಾಂತರವಾಗಿ, ವಿರುದ್ಧ ದಿಕ್ಕಿನಲ್ಲಿ ಸಾಗಬೇಕು. ಈ ಹಂತವನ್ನು ಸುಮಾರು 800ರಿಂದ 1,000 ಅಡಿ ಎತ್ತರದಲ್ಲಿ ಪ್ರವೇಶಿಸುವುದು ರೂಢಿ. ನೆಲ ಮುಟ್ಟಬೇಕಾದ ಸ್ಥಳವನ್ನು ಪಕ್ಕದಲ್ಲಿ ದಾಟಿದ ಮೇಲೆ ಒಂದು ತಿರುವು, ಪಟ್ಟಿಗೆ ಅಡ್ಡಲಾಗಿ ಸಾಗುವ ಒಂದು ಚಿಕ್ಕ ಓಟ, ಮತ್ತೊಂದು ತಿರುವು, ಆಮೇಲೆ ಗಾಳಿಗೆದುರಾಗಿ ನೇರ ಇಳಿತ.

ಸುತ್ತಿ ಬಳಸಿ ಬರುವುದಕ್ಕಿಂತ ನೇರವಾಗಿ ಬರಬಾರದೇಕೆ ಎಂದು ತಾವು ಕೇಳಬಹುದು. ದೂರದಿಂದ ನೇರವಾಗಿ ಬರುವವನಿಗೆ ತನ್ನ ಎತ್ತರ ಸಾಕೋ ಸಾಲದೋ ಎಂಬುದು ತಿಳಿಯುವ ಹೊತ್ತಿಗೆ ಏನನ್ನೂ ಮಾಡುವ ಅವಕಾಶ ಉಳಿದಿರುವುದಿಲ್ಲ. ಪಕ್ಕದಲ್ಲಿ ಸಾಗುವವನು ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಕಣ್ಣಳತೆಯಲ್ಲಿಟ್ಟುಕೊಂಡಿರುತ್ತಾನೆ. ಅಲ್ಲಿ ದನ ನುಗ್ಗಿದೆಯೇ, ಇನ್ನೊಂದು ಗ್ಲೈಡರ್ ನಿಂತಿದೆಯೇ, ಗಾಳಿಚೀಲ ಯಾವ ಕಡೆ ತಿರುಗಿದೆ, ಎಲ್ಲವೂ ಕಾಣುತ್ತದೆ. ಎತ್ತರ ಕಡಿಮೆಯೆನಿಸಿದರೆ ಬೇಗ ತಿರುಗಿ ದಾರಿಯನ್ನು ಮೊಟಕು ಮಾಡಬಹುದು. ಹೆಚ್ಚೆನಿಸಿದರೆ ಸ್ವಲ್ಪ ಮುಂದೆ ಹೋಗಿ ತಿರುಗಬಹುದು.

ಎತ್ತರವನ್ನು ತಿಳಿಯಲು ಮುಂದಿನ ಫಲಕದಲ್ಲಿ ಎತ್ತರಮಾಪಕವಿದೆ. ಆದರೆ ನನ್ನ ಗುರುಗಳು ತಿಂಗಳು ತುಂಬುವ ಮೊದಲೇ ಅದರ ಮೇಲೊಂದು ಕಾಗದವನ್ನು ಅಂಟಿಸಿಬಿಟ್ಟರು. ನನಗೆ ಅಂದು ಸಿಟ್ಟು ಬಂದಿತ್ತು. ಅವರ ವಾದ ಸರಳವಾದದ್ದು. ಆ ಮುಳ್ಳು ಹೊರಟ ಮೈದಾನದ ಮಟ್ಟವನ್ನು ಸೊನ್ನೆಯೆಂದು ಹಿಡಿದು ಲೆಕ್ಕ ಹೇಳುತ್ತದೆ. ದೂರ ಹೋದವನಿಗೆ ಏರುಗಾಳಿ ಕೈಕೊಟ್ಟು ಯಾರದೋ ಕೊಯ್ಲಾದ ಹೊಲದಲ್ಲಿ ಇಳಿಯಬೇಕಾಗಿ ಬಂದರೆ ಆ ಹೊಲ ಎಷ್ಟು ಎತ್ತರದಲ್ಲಿದೆಯೆಂದು ಮುಳ್ಳಿಗೆ ಹೇಗೆ ಗೊತ್ತು? ಅದಕ್ಕಾಗಿ, ಪಟ್ಟಿ ಎಷ್ಟು ಕೆಳಗೆ, ಯಾವ ಕೋನದಲ್ಲಿ ಕಾಣುತ್ತದೆ ಎಂಬುದನ್ನು ಕಣ್ಣು ಕಲಿಯಬೇಕು. ಬಾವಿಯ ನೀರಿನ ಆಳವನ್ನು ನಮ್ಮ ಹೆಂಗಸರು ಹಗ್ಗ ಅಳೆದು ತಿಳಿಯುತ್ತಿದ್ದರೇನು?

ಕೊನೆಯ ನೇರ ಇಳಿತದಲ್ಲಿ ಎರಡು ಸಂಗತಿಗಳು ಮುಖ್ಯ. ಮೊದಲನೆಯದು ರೆಕ್ಕೆಯ ಮೇಲೇಳುವ ಗಾಳಿತಡೆಯ ಹಲಗೆಗಳು. ಅವನ್ನು ತೆರೆದರೆ ಗ್ಲೈಡರ್ ಕಡಿದಾಗಿ ಇಳಿಯುತ್ತದೆ, ಮುಚ್ಚಿದರೆ ದೂರ ಸಾಗುತ್ತದೆ. ಬಲ್ಲವನು ಅವು ಅರ್ಧ ತೆರೆದಿರುವಾಗಲೇ ಗುರಿ ತಲುಪುವಂತೆ ಲೆಕ್ಕ ಹಾಕುತ್ತಾನೆ. ಆಗ ಎರಡೂ ಕಡೆಗೆ ತಿದ್ದಿಕೊಳ್ಳಲು ಎಡೆಯಿರುತ್ತದೆ. ಗುರಿಯಿಟ್ಟ ಜಾಗ ಮುಂಗಾಜಿನಲ್ಲಿ ಒಂದೇ ಕಡೆ ನಿಂತಿದ್ದರೆ ಲೆಕ್ಕ ಸರಿ. ಅದು ಕೆಳಗೆ ಸರಿದರೆ ನಾವು ದಾಟಿಹೋಗುತ್ತೇವೆ, ಮೇಲೆ ಸರಿದರೆ ತಲುಪುವುದಿಲ್ಲ. ಎರಡನೆಯದು ವೇಗ. ರೆಕ್ಕೆಯ ಮೇಲೆ ಗಾಳಿ ತಕ್ಕಷ್ಟು ವೇಗದಲ್ಲಿ ಹರಿಯದಿದ್ದರೆ ಅದು ಎತ್ತುವ ಕೆಲಸವನ್ನೇ ಬಿಟ್ಟುಬಿಡುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ. ಸ್ಟಾಲ್ ಆಗುವ ವೇಗದ ಒಂದೂವರೆ ಪಟ್ಟು, ಅದರ ಮೇಲೆ ಎದುರುಗಾಳಿಯ ವೇಗದ ಅರ್ಧ, ಇದು ಕಲಿಸುವವರು ಹೇಳಿಕೊಡುವ ಸೂತ್ರ. ಸ್ಟಾಲ್ ವೇಗ ಗಂಟೆಗೆ 60 ಕಿಲೋಮೀಟರ್, ಎದುರುಗಾಳಿ 20 ಎಂದಾದರೆ 100 ಕಿಲೋಮೀಟರ್ ವೇಗದಲ್ಲಿ ಬರಬೇಕು. ನೆಲದ ಹತ್ತಿರ ಗಾಳಿಯ ಬೀಸು ತಗ್ಗುತ್ತದೆ. ಅಲ್ಲಿಗೆ ಬರುತ್ತಲೇ ಗ್ಲೈಡರಿನ ವಾಯುವೇಗ ತಟಕ್ಕನೆ ಕುಸಿಯಬಹುದು. ಅದಕ್ಕಾಗಿ ಈ ಎಚ್ಚರಿಕೆಯ ಉಳಿತಾಯ.

ಇಷ್ಟನ್ನೂ ಬಾಯಿಪಾಠ ಮಾಡಿದ್ದ ನಾನು ಒಂದು ಸಂಜೆ ಮಾಡಿದ್ದೇನು? ಗುರುಗಳು ಹಿಂದಿನ ಆಸನದಲ್ಲಿದ್ದರು. ಮೈದಾನದಿಂದ ಗಾಳಿ ಬೀಸಿ ಹೋಗುವ ಕಡೆ ಕ್ಷೀಣವಾದೊಂದು ಏರುಗಾಳಿ ಸಿಕ್ಕಿತು. ಇನ್ನೊಂದು ಸುತ್ತು, ಇನ್ನೊಂದೇ ಸುತ್ತು ಎಂದು ಆಸೆಬುರುಕನಂತೆ ಅಲ್ಲಿಯೇ ಉಳಿದೆ. ಗಾಳಿ ನನ್ನನ್ನು ಮೈದಾನದಿಂದ ದೂರ ದೂರ ಒಯ್ಯುತ್ತಿದ್ದುದು ಅರಿವಿಗೆ ಬರಲಿಲ್ಲ. ಮರಳಿ ಸರ್ಕ್ಯೂಟಿಗೆ ಬಂದಾಗ ಮರಗಳ ಎಲೆಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ಕೊನೆಯ ತಿರುವಿನಲ್ಲಿ ಪಟ್ಟಿಯ ನಡುಗೆರೆ ನನ್ನ ಕೈಯಿಂದ ಜಾರಿಹೋಗುತ್ತಿತ್ತು. ನೆಲ ಇಷ್ಟು ಹತ್ತಿರವಿರುವಾಗ ರೆಕ್ಕೆಯನ್ನು ವಾಲಿಸಲು ಭಯ. ಆದ್ದರಿಂದ ಕಾಲಿನ ಪೆಡಲನ್ನೊತ್ತಿ ಮೂತಿಯನ್ನು ಬಲವಂತವಾಗಿ ತಿರುಗಿಸಹೊರಟೆ. ಮೂತಿ ಕೆಳಗಿಳಿಯಿತೆಂದು ಕೈಯ ಕಡ್ಡಿಯನ್ನು ಹಿಂದಕ್ಕೆಳೆದೆ. ರೆಕ್ಕೆಯ ಸುಯ್ಯೆನ್ನುವ ಸದ್ದು ಮೆಲ್ಲಗೆ ಅಡಗಿತು.

ಆ ಮೌನದ ಅರ್ಥ ನನಗೆ ಹೊಳೆಯಲಿಲ್ಲ, ಗುರುಗಳಿಗೆ ಹೊಳೆಯಿತು. ಕಡ್ಡಿ ನನ್ನ ಕೈಯಿಂದ ಕಿತ್ತುಕೊಂಡಂತೆ ಮುಂದಕ್ಕೆ ಹೋಯಿತು. ರೆಕ್ಕೆಗಳು ಸಮವಾದವು, ಸದ್ದು ಮರಳಿತು, ಗ್ಲೈಡರ್ ಪಟ್ಟಿಯ ಗೊಡವೆ ಬಿಟ್ಟು ಮೈದಾನದ ಹುಲ್ಲಿನಲ್ಲಿ ಓರೆಯಾಗಿ ಇಳಿದು ನಿಂತಿತು. ಇನ್ನೆರಡು ಕ್ಷಣ ಕಳೆದಿದ್ದರೆ ಒಳಗಡೆಯ ರೆಕ್ಕೆ ಮೊದಲು ಸ್ಟಾಲ್ ಆಗಿ, ಗ್ಲೈಡರ್ ಗಿರಗಿರನೆ ಸುತ್ತುತ್ತ ಬಿದ್ದಿರುತ್ತಿತ್ತು. ಸ್ಪಿನ್ ಎಂಬ ಆ ಬೀಳುವಿಕೆಯಿಂದ ಚೇತರಿಸಿಕೊಳ್ಳಲು ಬೇಕಾದಷ್ಟು ಎತ್ತರ ಅಲ್ಲಿರಲಿಲ್ಲ. ಗುರುಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ಕೊನೆಯ ತಿರುವಿನಲ್ಲಿ ತಪ್ಪಿದೆ ಎಂದುಕೊಂಡಿದ್ದೀಯೆ. ನೀನು ತಪ್ಪಿದ್ದು ಅದಕ್ಕೆ ಐದು ನಿಮಿಷ ಮೊದಲು. ತಿರುವಿನಲ್ಲಿ ಮಾಡಿದ್ದು ಆ ತಪ್ಪನ್ನು ಮುಚ್ಚುವ ಪ್ರಯತ್ನ."

ಸ್ಟಾಲಿನ ಈ ಬಲೆ ಹಳೆಯದು. ಗ್ಲೈಡರ್ ವಿದ್ಯೆಯ ಆದಿಪುರುಷನೆನಿಸಿದ ಜರ್ಮನಿಯ ಒಟ್ಟೊ ಲಿಲಿಯೆಂಥಾಲ್ ಎರಡು ಸಾವಿರದಷ್ಟು ಸಲ ಹಾರಿ ಇಳಿದವನು. 1896ರ ಆಗಸ್ಟ್ 9ರಂದು ಅವನ ಗ್ಲೈಡರ್ ಸ್ಟಾಲ್ ಆಗಿ ಸುಮಾರು 15 ಮೀಟರ್ ಎತ್ತರದಿಂದ ಬಿತ್ತು. ಮರುದಿನ ಅವನು ತೀರಿಕೊಂಡ.

ಈ ವಿದ್ಯೆ ಜೀವ ಉಳಿಸಿದ ಕಥೆಯೂ ಇದೆ. 1983ರ ಜುಲೈ 23ರಂದು ಕೆನಡಾದಲ್ಲಿ 69 ಜನರಿದ್ದ ಬೋಯಿಂಗ್ 767 ವಿಮಾನವೊಂದರ ಇಂಧನ 41,000 ಅಡಿ ಎತ್ತರದಲ್ಲಿ ಮುಗಿದುಹೋಯಿತು. ಪೌಂಡು ಮತ್ತು ಕಿಲೋಗ್ರಾಮಿನ ಲೆಕ್ಕದಲ್ಲಿ ಆದ ಎಡವಟ್ಟು ಅದಕ್ಕೆ ಕಾರಣ. ಎರಡೂ ಎಂಜಿನ್ನುಗಳು ನಿಂತು, ಆ ದೈತ್ಯ ವಿಮಾನ ಗ್ಲೈಡರ್ ಆಗಿಬಿಟ್ಟಿತು. ಅದರ ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್‌ಗೆ ಗ್ಲೈಡರ್ ಹಾರಿಸುವ ಅಭ್ಯಾಸವಿತ್ತು. ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯನ್ನು ಸಮೀಪಿಸಿದಾಗ ವಿಮಾನ ಇರಬೇಕಾದುದಕ್ಕಿಂತ ಎತ್ತರದಲ್ಲಿತ್ತು. ಆತ ಗ್ಲೈಡರಿನವರಂತೆ ವಿಮಾನವನ್ನು ಓರೆಯಾಗಿ ಜಾರಿಸಿ, ಹೆಚ್ಚಿನ ಎತ್ತರವನ್ನು ಕಳೆದುಕೊಂಡು, ಒಂದೇ ಪ್ರಯತ್ನದಲ್ಲಿ ಇಳಿಸಿದ. ಒಬ್ಬರ ಪ್ರಾಣವೂ ಹೋಗಲಿಲ್ಲ. ಗಮನಿಸಬೇಕಾದ ಮಾತೆಂದರೆ, ಅವನ ಬಳಿ ಎತ್ತರ ಹೆಚ್ಚಾಗಿತ್ತು. ಹೆಚ್ಚಾದುದನ್ನು ಚೆಲ್ಲಬಹುದು, ಇಲ್ಲದುದನ್ನು ತರುವುದು ಯಾರಿಂದಲೂ ಆಗದು.

ಈಗಲೂ ಸಂಜೆ ಹದ್ದು ಮರಕ್ಕೆ ಮರಳುವುದನ್ನು ನಿಂತು ನೋಡುತ್ತೇನೆ. ಕೊಂಬೆಯ ಮೇಲೊಂದು ಸುತ್ತು ಹಾಕುತ್ತದೆ, ಗಾಳಿಗೆ ಎದುರಾಗುತ್ತದೆ, ಆಮೇಲೆ ಕೂರುತ್ತದೆ. ಅದಕ್ಕೆ ರೆಕ್ಕೆ ಬಡಿದು ಮತ್ತೆ ಏಳುವ ಶಕ್ತಿಯಿದೆ. ಆದರೂ ಅದು ಆತುರಪಡುವುದಿಲ್ಲ.