ಉಪಗ್ರಹ ಬರೆದಿಟ್ಟ ಬೆಂಗಳೂರಿನ ಲೆಕ್ಕ

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ದಿನವೂ ಬಸ್ಸಿಳಿಯುವ ಜನಸಾಗರದಲ್ಲಿ ತಾವು ಕಾಲಿಟ್ಟಿರುವುದು ಒಂದು ಕೆರೆಯ ಅಂಗಳಕ್ಕೆ ಎಂದು ತಿಳಿದವರು ಎಷ್ಟು ಮಂದಿ? ಕೆಂಪೇಗೌಡ ಬಸ್ ನಿಲ್ದಾಣ ಇರುವ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆ ಇತ್ತು. ಕಂಠೀರವ ಕ್ರೀಡಾಂಗಣದ ಬಳಿ ಸಂಪಂಗಿ ಕೆರೆ ಇತ್ತು. ಕರಗದ ಆಚರಣೆಗೆಂದು ಉಳಿದಿರುವ ಸಣ್ಣ ಕೊಳವೊಂದೇ ಈಗ ಅದರ ಗುರುತು. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣವಾಯಿತು.

ಇಂಥ ಸಂಗತಿಗಳನ್ನು ಆಯಾ ಬಡಾವಣೆಯ ಹಿರಿಯರು ಹೇಳಬಲ್ಲರು. ಆದರೆ ಒಬ್ಬರ ನೆನಪು ಒಂದು ಕೆರೆಗೆ, ಒಂದು ತೋಪಿಗೆ ಸಾಕಾಗುತ್ತದೆಯೇ ಹೊರತು ಇಡೀ ಊರಿಗಲ್ಲ. ಊರು ಯಾವ ದಿಕ್ಕಿಗೆ, ಎಷ್ಟು ಬೆಳೆಯಿತು? ಯಾವುದನ್ನು ನುಂಗಿ ಬೆಳೆಯಿತು? ಈ ಲೆಕ್ಕವನ್ನು ಯಾರ ಹಂಗೂ ಇಲ್ಲದೆ ಬರೆದಿಡುವ ಗುಮಾಸ್ತನೊಬ್ಬ 1972ರಿಂದ ಕೆಲಸಕ್ಕೆ ನಿಂತಿದ್ದಾನೆ. ಆತನೇ ಭೂವೀಕ್ಷಣಾ ಉಪಗ್ರಹ.

ಚಿತ್ರವಲ್ಲ, ಅಂಕಿಗಳ ರಾಶಿ

ಅಮೆರಿಕ 1972ರ ಜುಲೈ 23ರಂದು ಹಾರಿಸಿದ ಲ್ಯಾಂಡ್‌ಸ್ಯಾಟ್-1, ನೆಲದ ಹೊದಿಕೆಯನ್ನು ನಿಯಮಿತವಾಗಿ ಗಮನಿಸಲೆಂದೇ ರೂಪಿಸಿದ ಮೊದಲ ಉಪಗ್ರಹ. ಸುಮಾರು 900 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಿದ್ದ ಅದು 18 ದಿನಗಳಿಗೊಮ್ಮೆ ಅದೇ ಜಾಗದ ಮೇಲೆ ಹಾದುಹೋಗುತ್ತಿತ್ತು. ಭಾರತ ತನ್ನದೇ ದೂರ ಸಂವೇದಿ ಉಪಗ್ರಹ ಐಆರ್‌ಎಸ್-1ಎ ಯನ್ನು 1988ರ ಮಾರ್ಚ್ 17ರಂದು ಹಾರಿಸಿತು. 1995ರ ಡಿಸೆಂಬರ್‌ನಲ್ಲಿ ಮೇಲೇರಿದ ಐಆರ್‌ಎಸ್-1ಸಿ ನೆಲದ ಮೇಲಿನ 5.8 ಮೀಟರ್ ಚೌಕವನ್ನು ಗುರುತಿಸಬಲ್ಲ ಕ್ಯಾಮೆರಾ ಹೊತ್ತಿತ್ತು. 2005ರ ಕಾರ್ಟೊಸ್ಯಾಟ್-1ರಲ್ಲಿ ಈ ಅಳತೆ 2.5 ಮೀಟರಿಗೆ ಇಳಿಯಿತು.

ಉಪಗ್ರಹ ಕಳಿಸುವುದು ಅಂಕಿಗಳ ಒಂದು ದೊಡ್ಡ ಕೋಷ್ಟಕವನ್ನು. ನೆಲವನ್ನು ಸಣ್ಣ ಸಣ್ಣ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಿಂದ ಎಷ್ಟು ಬೆಳಕು ಪ್ರತಿಫಲಿಸಿತು ಎಂಬುದನ್ನು ಅದು ಒಂದೊಂದು ಅಂಕಿಯಾಗಿ ಬರೆದುಕೊಳ್ಳುತ್ತದೆ. ಆ ಚೌಕಕ್ಕೆ ಪಿಕ್ಸೆಲ್ ಎಂದು ಹೆಸರು. ಹಸಿರು ಬೆಳಕಿಗೆ ಒಂದು ಅಂಕಿ, ಕೆಂಪು ಬೆಳಕಿಗೆ ಇನ್ನೊಂದು, ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣಕ್ಕೆ ಮತ್ತೊಂದು. ಈ ಕೊನೆಯ ಅಂಕಿಯಲ್ಲೇ ಗುಟ್ಟು ಅಡಗಿದೆ.

ಎಲೆಯಲ್ಲಿರುವ ಪತ್ರಹರಿತ್ತು ದ್ಯುತಿಸಂಶ್ಲೇಷಣೆಗಾಗಿ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ ಎಂದು ಪ್ರೌಢಶಾಲೆಯ ಪುಸ್ತಕದಲ್ಲೇ ಇದೆ. ಆದರೆ ಅದೇ ಎಲೆಯ ಒಳರಚನೆ ಅವಕೆಂಪು ಕಿರಣವನ್ನು ಧಾರಾಳವಾಗಿ ಹಿಂದಿರುಗಿಸುತ್ತದೆ. ತಿಳಿನೀರು ಅವಕೆಂಪು ಕಿರಣವನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಕಾಂಕ್ರೀಟು, ಡಾಂಬರು, ಬರಿಯ ಮಣ್ಣು ಇವೆರಡರ ನಡುವೆ ನಿಲ್ಲುತ್ತವೆ. ವಿಜ್ಞಾನಿಗಳು ಅವಕೆಂಪು ಅಂಕಿಗೆ ಕೆಂಪು ಬಣ್ಣ ಕೊಟ್ಟು ಚಿತ್ರ ಮಾಡುವುದು ರೂಢಿ. ಇಂಥ ಹುಸಿ ಬಣ್ಣದ ಚಿತ್ರದಲ್ಲಿ ಲಾಲ್‌ಬಾಗ್ ರಕ್ತಗೆಂಪಾಗಿ, ತಿಳಿನೀರಿನ ಕೆರೆ ಕಪ್ಪಾಗಿ, ಕಟ್ಟಡಗಳ ದಟ್ಟಣೆ ನೀಲಿಬೂದು ಬಣ್ಣವಾಗಿ ಕಾಣುತ್ತದೆ.

ಒಂದು ಸುಲಭ ಲೆಕ್ಕ

ಹಸಿರನ್ನು ಅಳೆಯಲು ಸಸ್ಯ ಸೂಚ್ಯಂಕ ಎಂಬ ಒಂದು ಲೆಕ್ಕವಿದೆ. ಅವಕೆಂಪು ಅಂಕಿಯಿಂದ ಕೆಂಪು ಅಂಕಿಯನ್ನು ಕಳೆಯಿರಿ. ಬಂದದ್ದನ್ನು ಅವೆರಡರ ಮೊತ್ತದಿಂದ ಭಾಗಿಸಿ. ಉದಾಹರಣೆಗೆ, ಮರಗಳಿರುವ ಒಂದು ಚೌಕ ಅವಕೆಂಪಿನಲ್ಲಿ ಶೇಕಡ 50, ಕೆಂಪಿನಲ್ಲಿ ಶೇಕಡ 5 ಬೆಳಕನ್ನು ಹಿಂದಿರುಗಿಸಿತು ಎನ್ನೋಣ. 45ನ್ನು 55ರಿಂದ ಭಾಗಿಸಿದರೆ 0.82. ಕಟ್ಟಡದ ಚೌಕದಲ್ಲಿ ಇವು 30 ಮತ್ತು 25 ಆಗಿದ್ದರೆ ಉತ್ತರ 0.09. ನೀರಿನಲ್ಲಿ 2 ಮತ್ತು 4 ಆದರೆ ಉತ್ತರ ಸೊನ್ನೆಗಿಂತಲೂ ಕಡಿಮೆ. ಏಳನೆಯ ತರಗತಿಯ ಮಗುವೂ ಮಾಡಬಲ್ಲ ಈ ಲೆಕ್ಕವನ್ನು ಕಂಪ್ಯೂಟರು ಲಕ್ಷಾಂತರ ಚೌಕಗಳಿಗೆ ಮಾಡುತ್ತದೆ, ಅಷ್ಟೆ.

ಆದರೆ ಚೌಕದ ಗಾತ್ರವನ್ನು ಮರೆಯುವಂತಿಲ್ಲ. 1984ರಿಂದ 2013ರವರೆಗೆ ದುಡಿದ ಲ್ಯಾಂಡ್‌ಸ್ಯಾಟ್-5ರ ಒಂದು ಚೌಕದ ಬದಿ 30 ಮೀಟರ್. ವಿಸ್ತೀರ್ಣ 900 ಚದರ ಮೀಟರ್. ಬೆಂಗಳೂರಿಗರಿಗೆ ಚಿರಪರಿಚಿತವಾದ 30x40 ಅಡಿಯ ನಿವೇಶನ ಸುಮಾರು 111 ಚದರ ಮೀಟರ್. ಅಂದರೆ ಇಂಥ ಎಂಟು ನಿವೇಶನಗಳು ಸೇರಿ ಒಂದೇ ಅಂಕಿ! ಲ್ಯಾಂಡ್‌ಸ್ಯಾಟ್-1ರ ಚೌಕದ ಬದಿಯಂತೂ ಸುಮಾರು 80 ಮೀಟರ್. ಹಿತ್ತಲಿನ ತೆಂಗಿನಮರ, ಮನೆಯ ತಾರಸಿ, ಮುಂದಿನ ರಸ್ತೆ ಎಲ್ಲವೂ ಆ ಒಂದು ಅಂಕಿಯಲ್ಲಿ ಬೆರೆತುಹೋಗುತ್ತವೆ.

ನಡೆದು ನೋಡದೆ ಗತಿಯಿಲ್ಲ

ಅಂಕಿಗಳ ರಾಶಿಯನ್ನು ನಕಾಶೆಯಾಗಿಸಲು ಕಂಪ್ಯೂಟರಿಗೆ ಮೊದಲು ಪಾಠ ಹೇಳಬೇಕು. ಇದು ಕೆರೆ, ಇದು ತೋಟ, ಇದು ಬಡಾವಣೆ, ಇದು ಬಯಲು ಎಂದು ಕೆಲವು ಜಾಗಗಳನ್ನು ತೋರಿಸಿದರೆ, ಅಂಥದೇ ಅಂಕಿಗಳಿರುವ ಉಳಿದ ಚೌಕಗಳನ್ನು ಅದು ಆಯಾ ಗುಂಪಿಗೆ ಸೇರಿಸುತ್ತದೆ. ಆ ಬಳಿಕ ಬೇರೆ ಕೆಲವು ಜಾಗಗಳಿಗೆ ಖುದ್ದಾಗಿ ಹೋಗಿ, ಕಂಪ್ಯೂಟರು ಹೇಳಿದ್ದು ನಿಜವೇ ಎಂದು ನೋಡಿ ಬರಬೇಕು. ಈ ಹೆಜ್ಜೆ ತಪ್ಪಿದರೆ ಎಂಥ ಎಡವಟ್ಟಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಎರಡು ನಿದರ್ಶನಗಳಿವೆ.

ಮೊದಲನೆಯದು ಕೆರೆಯದು. ಕೊಳಚೆ ಸೇರಿದ ಕೆರೆಯಲ್ಲಿ ಜಲಕಳೆ ಹಬ್ಬಿ ಇಡೀ ನೀರನ್ನು ಮುಚ್ಚುತ್ತದೆ. ಉಪಗ್ರಹದ ಕಣ್ಣಿಗೆ ಅದು ನೀರಲ್ಲ, ಸೊಂಪಾದ ಹಸಿರು. ಚಿತ್ರದಲ್ಲಿ ಕೆಂಪಗೆ ಹೊಳೆಯುವ ಆ ತುಣುಕನ್ನು ಕಂಪ್ಯೂಟರು ತೋಟದ ಲೆಕ್ಕಕ್ಕೆ ಸೇರಿಸಬಹುದು. ಕಾಯಿಲೆ ಬಿದ್ದ ಕೆರೆ ಊರಿನ ಹಸಿರನ್ನು ಹೆಚ್ಚಿಸಿದಂತೆ ತೋರುತ್ತದೆ. ಬೇಸಿಗೆಯಲ್ಲಿ ಬತ್ತಿದ ಕೆರೆಯೋ ಬರಿಯ ಬಯಲಾಗಿ ಕಾಣುತ್ತದೆ.

ಎರಡನೆಯದು ರಾಗಿ ಹೊಲದ್ದು. ಊರಿನ ಅಂಚಿನ ಹೊಲ ಅಕ್ಟೋಬರಿನಲ್ಲಿ ಹಸಿರಾಗಿರುತ್ತದೆ. ಕೊಯ್ಲು ಮುಗಿದ ಮೇಲೆ ಫೆಬ್ರುವರಿಯಲ್ಲಿ ಕೆಮ್ಮಣ್ಣಿನ ಬಯಲು. ಒಂದು ವರ್ಷದ ಅಕ್ಟೋಬರ್ ಚಿತ್ರವನ್ನು ಇನ್ನೊಂದು ವರ್ಷದ ಫೆಬ್ರುವರಿ ಚಿತ್ರದೊಂದಿಗೆ ಹೋಲಿಸಿದರೆ, ಇಲ್ಲದ ವಿನಾಶವೊಂದು ಕಾಣಿಸುತ್ತದೆ. ಆದ್ದರಿಂದಲೇ ಒಂದೇ ಋತುವಿನ ಚಿತ್ರಗಳನ್ನು ಆರಿಸಿ, ಒಂದೇ ಗಾತ್ರದ ಚೌಕಗಳಿಗೆ ಹೊಂದಿಸಿ, ರಸ್ತೆ ಕೂಡುವ ಜಾಗ, ಕೆರೆ ಏರಿಯ ತುದಿ ಮುಂತಾದ ಅಲುಗದ ಗುರುತುಗಳನ್ನು ಹಿಡಿದು ಒಂದರ ಮೇಲೊಂದು ಕೂರಿಸುತ್ತಾರೆ.

ಮೂವತ್ತೇಳು ವರ್ಷಗಳ ಜಮಾಖರ್ಚು

ಇಷ್ಟೆಲ್ಲ ಎಚ್ಚರ ವಹಿಸಿ ಮಾಡಿದ ಲೆಕ್ಕ ಏನು ಹೇಳುತ್ತದೆ? ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಬೃಹತ್ ಬೆಂಗಳೂರಿನ ಸುಮಾರು 68 ಸಾವಿರ ಹೆಕ್ಟೇರ್ ಪ್ರದೇಶದ ಉಪಗ್ರಹ ಚಿತ್ರಗಳನ್ನು 1973ರಿಂದ 2010ರವರೆಗೆ ಹೋಲಿಸಿದ್ದಾರೆ. 1973ರಲ್ಲಿ ಕಟ್ಟಡ, ರಸ್ತೆಗಳ ಪಾಲು 5,448 ಹೆಕ್ಟೇರ್, ಅಂದರೆ ಶೇಕಡ 8ರಷ್ಟು. 2010ರ ವೇಳೆಗೆ ಅದು 37,266 ಹೆಕ್ಟೇರ್, ಶೇಕಡ 54. ಗಿಡಮರ, ತೋಟ, ಬೆಳೆಗಳ ಹಸಿರು ಹೊದಿಕೆ 46,639 ಹೆಕ್ಟೇರಿನಿಂದ 16,031ಕ್ಕೆ ಇಳಿಯಿತು. ನೀರು 2,324 ಹೆಕ್ಟೇರ್ ಇದ್ದದ್ದು 617ಕ್ಕೆ ಕುಸಿಯಿತು. ನಾಲ್ಕು ಪಾಲಿನಲ್ಲಿ ಉಳಿದದ್ದು ಸುಮಾರು ಒಂದು ಪಾಲು.

ಜನ ಹೆಚ್ಚಿದರು, ಮನೆ ಹೆಚ್ಚಿದವು, ಇದರಲ್ಲೇನು ಆಶ್ಚರ್ಯ ಎನ್ನಬಹುದು. ಜನಗಣತಿಯನ್ನು ಪಕ್ಕಕ್ಕಿಟ್ಟು ನೋಡಿ. 1971ರಲ್ಲಿ ಬೆಂಗಳೂರು ನಗರ ಸಮೂಹದ ಜನಸಂಖ್ಯೆ 16 ಲಕ್ಷ ದಾಟಿತ್ತು. 2011ರಲ್ಲಿ ಸುಮಾರು 85 ಲಕ್ಷ. ಎರಡೂ ಲೆಕ್ಕಗಳ ಗಡಿ ಒಂದೇ ಅಲ್ಲವಾದರೂ, ಜನ ಸುಮಾರು ಐದು ಪಟ್ಟಾದ ಕಾಲದಲ್ಲಿ ಕಟ್ಟಡದ ನೆಲ ಸುಮಾರು ಏಳು ಪಟ್ಟಾಯಿತು ಎಂಬುದು ಸ್ಪಷ್ಟ. ಊರು ಎತ್ತರಕ್ಕಿಂತ ಅಗಲಕ್ಕೆ ಹೆಚ್ಚು ಹರಡಿದೆ. ಹಳೆಯ ಪೇಟೆಯ ಸುತ್ತ ಒತ್ತೊತ್ತಾಗಿ, ಅಂಚಿನಲ್ಲಿ ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು ಬಡಾವಣೆಯಾಗಿ ಅದು ಹಬ್ಬಿತು.

ನೀರಿಗೆ ದಾರಿ ಯಾವುದು?

ದೊಡ್ಡ ನದಿಯಿಲ್ಲದ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿನ ಊರು ಬೆಂಗಳೂರು. ಇಲ್ಲಿ ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಕಣಿವೆಗಳಲ್ಲಿ ಇಳಿಯುತ್ತದೆ. ಹಿಂದಿನವರು ಈ ಇಳಿಜಾರನ್ನು ಅನುಸರಿಸಿ ಕೆರೆ ಕಟ್ಟಿದರು. ಮೇಲಿನ ಕೆರೆಗೆ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆ ಸೇರುತ್ತಿತ್ತು. ಕೆರೆ ಹೂತು, ಕಾಲುವೆ ಒತ್ತುವರಿಯಾದರೆ ಮಳೆ ನಿಲ್ಲುವುದಿಲ್ಲ. ನೀರು ತನ್ನ ಹಳೆಯ ದಾರಿಯನ್ನೇ ಹುಡುಕುತ್ತದೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಜಲಾವೃತವಾದಾಗ, ಕಂಪ್ಯೂಟರ್ ಕಂಪನಿಗಳ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋಗಬೇಕಾಯಿತು. ಕೆರೆಗಳು ಕುಗ್ಗಿದ ಲೆಕ್ಕ ಅಷ್ಟು ಹೊತ್ತಿಗಾಗಲೇ ಅಚ್ಚಾಗಿ ವರ್ಷಗಳು ಕಳೆದಿದ್ದವು.

ಕೆಲವೇ ಮೀಟರ್ ಅಗಲದ ರಾಜಕಾಲುವೆ 30 ಮೀಟರಿನ ಚೌಕದಲ್ಲಿ ಕಾಣದು. ಅದಕ್ಕೆ ಹಳೆಯ ಗ್ರಾಮ ನಕಾಶೆಯೇ ಬೇಕು. ಆ ನಕಾಶೆಯನ್ನು ಈಗಿನ ಸ್ಪಷ್ಟ ಉಪಗ್ರಹ ಚಿತ್ರದ ಮೇಲೆ ಹಾಸಿದರೆ, ಯಾವ ಸರ್ವೆ ನಂಬರಿನಲ್ಲಿ ಕೆರೆ ಇತ್ತು, ಕಾಲುವೆ ಎಲ್ಲಿ ಹರಿಯುತ್ತಿತ್ತು ಎಂದು ತಿಳಿಯುತ್ತದೆ. ಜೀವಮಾನದ ಉಳಿತಾಯ ಸುರಿದು ನಿವೇಶನ ಕೊಳ್ಳುವ ತಂದೆತಾಯಂದಿರು ಪತ್ರಗಳ ಜೊತೆಗೆ ಈ ನಕಾಶೆಯನ್ನೂ ನೋಡುವುದು ಲೇಸು. ನಿಂತ ಜಾಗದ ಸರ್ವೆ ನಂಬರನ್ನು ತೋರಿಸುವ ದಿಶಾಂಕ್ ಎಂಬ ಆ್ಯಪ್ ರಾಜ್ಯ ಸರ್ಕಾರದ್ದೇ ಇದೆ.

ವಿದ್ಯಾರ್ಥಿಗಳೂ ಮಾಡಬಹುದು

ಹಿಂದೆ ಉಪಗ್ರಹ ಚಿತ್ರಗಳನ್ನು ದುಡ್ಡು ಕೊಟ್ಟು ತರಿಸಬೇಕಿತ್ತು. 2008ರಲ್ಲಿ ಲ್ಯಾಂಡ್‌ಸ್ಯಾಟ್ ಸಂಗ್ರಹ ಎಲ್ಲರಿಗೂ ಉಚಿತವಾಯಿತು. 2009ರಲ್ಲಿ ಇಸ್ರೋ ಭುವನ್ ಎಂಬ ತಾಣವನ್ನು ತೆರೆಯಿತು. ಆದ್ದರಿಂದ ನಿಮ್ಮ ಊರು ಯಾವುದೇ ಇರಲಿ, ಒಂದು ಕೆರೆಯನ್ನು ಆರಿಸಿಕೊಳ್ಳಿ.

ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ಹಳೆಯ ನಕಾಶೆಯಿಂದ ಆ ಕೆರೆಯ ಗೆರೆಯನ್ನು ತೆಳು ಕಾಗದದ ಮೇಲೆ ಎಳೆದು, ಗ್ರಾಫ್ ಹಾಳೆಗೆ ಇಳಿಸಿ. ಈ ಪ್ರಮಾಣದಲ್ಲಿ 1 ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ಒಂದು ಸಣ್ಣ ಚೌಕ 2,500 ಚದರ ಮೀಟರ್, ಅಂದರೆ ಕಾಲು ಹೆಕ್ಟೇರ್. ಅರ್ಧಕ್ಕಿಂತ ಹೆಚ್ಚು ಭಾಗ ಒಳಗಿರುವ ಚೌಕಗಳನ್ನು ಎಣಿಸಿ, ಉಳಿದವನ್ನು ಬಿಡಿ. 120 ಚೌಕ ಬಂದರೆ ಕೆರೆ 30 ಹೆಕ್ಟೇರ್. ಕಂಪ್ಯೂಟರು ಪಿಕ್ಸೆಲ್ ಎಣಿಸುವ ಬಗೆಯೂ ಬಹುಮಟ್ಟಿಗೆ ಇದೇ. ಅನಂತರ ಭುವನ್ ಚಿತ್ರದಲ್ಲಿ ಅದೇ ಕೆರೆಯನ್ನು ಅಳೆದು ಎರಡನ್ನೂ ಹೋಲಿಸಿ.

ವ್ಯತ್ಯಾಸ ಕಂಡರೆ ತಕ್ಷಣ ಒತ್ತುವರಿ ಎಂದು ಬರೆಯಬೇಡಿ. ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು ಏರಿಯ ಮೇಲೆ ನಡೆಯಿರಿ. ನೀರು ಬತ್ತಿದೆಯೇ, ಕಳೆ ಮುಚ್ಚಿದೆಯೇ, ಹೂಳು ತುಂಬಿದೆಯೇ, ಮಣ್ಣು ಸುರಿದು ಮಟ್ಟ ಮಾಡಿದ್ದಾರೆಯೇ ಎಂದು ನೋಡಿ. ತೂಬು, ಕೋಡಿ ಎಲ್ಲಿದ್ದವೆಂದು ಹತ್ತಿರದ ಹಿರಿಯರನ್ನು ಕೇಳಿ. ಅಂದಿನ ಅಳತೆ, ಇಂದಿನ ಅಳತೆ, ಕಣ್ಣಾರೆ ಕಂಡದ್ದು, ಹಿರಿಯರು ಹೇಳಿದ್ದು ಎಂದು ನಾಲ್ಕು ಅಂಕಣ ಮಾಡಿ, ತಾರೀಖಿನೊಂದಿಗೆ ಬರೆದಿಡಿ. ಶಾಲೆಯಲ್ಲಿ ಅದನ್ನು ಜೋಪಾನ ಮಾಡಿದರೆ, ಹತ್ತು ವರ್ಷಗಳ ಬಳಿಕ ಅದೇ ಕೆರೆಯನ್ನು ಅಳೆಯುವ ಮಕ್ಕಳಿಗೆ ಹೋಲಿಸಿ ನೋಡಲು ಒಂದು ಲೆಕ್ಕ ಸಿದ್ಧವಾಗಿರುತ್ತದೆ.